ನಡುವಿನ ತೊಂಬತ್ತು ಅಡಿ

ಮೊಬೀಲ್ ಬಂದರಿನ ನೀರಿಗೆ ಕಾಯಿಸಿಟ್ಟ ಚಹಾದ ಬಣ್ಣ.
ಅದರ ಮೇಲೆ ಅವಳನ್ನು ಕರೆತಂದವು ಎರಡು ಟಗ್ಗುಗಳು,
ಮುಂದೊಂದು, ಹಿಂದೊಂದು,
ಅಜ್ಜಿಯನ್ನು ಆಸ್ಪತ್ರೆಗೆ ನಡೆಸಿ ತರುವ ಹಾಗೆ.
ಅಜ್ಜಿಯೇನಲ್ಲ, ಇಪ್ಪತ್ತೊಂದು ವರ್ಷ.
ಹಡಗಿನ ವಯಸ್ಸು ನಾಯಿಯ ವಯಸ್ಸಿನಂತೆ, ಲೆಕ್ಕ ಬೇರೆ.

ಹೆಸರು ಸಿಪ್ಸಿ. ನಮ್ಮ ಅಲಬಾಮದ್ದೇ ಒಂದು ಹೊಳೆ.
ಎಣ್ಣೆ ಹೊರುವವಳಿಗೆ ನೀರಿನ ಹೆಸರು.
ಆ ಹೊಳೆಯಲ್ಲಿ ಮೊಣಕಾಲುದ್ದ ನಿಂತು
ಬೆಕ್ಕುಮೀನು ಹಿಡಿದಿದ್ದೇನೆ ನಾನು.

ನಲವತ್ನಾಲ್ಕರಲ್ಲಿ ಅವಳನ್ನು ಕಟ್ಟಿದ್ದೂ ಇದೇ ಅಂಗಳದಲ್ಲಿ.
ಆಗ ನನ್ನ ಕೈಯಲ್ಲಿದ್ದದ್ದು ಪೊರಕೆ.
ಬೆಸೆಯುವವರು ಬಿಳಿಯರು, ಉದುರಿದ ಕಿಟ್ಟ ಗುಡಿಸುವವರು ನಾವು.
ಒಡೆದ ಕಪ್ಪುಗಾಜಿನ ಚೂರೊಂದನ್ನು
ಅಂಗಿಯ ಜೇಬಿನಲ್ಲಿ ಅಡಗಿಸಿಕೊಂಡಿದ್ದೆ.
ಊಟದ ಹೊತ್ತಿನಲ್ಲಿ ಕಂಬದ ಮರೆಗೆ ನಿಂತು
ಅದರೊಳಗಿಂದ ನೋಡುತ್ತಿದ್ದೆ
ಬೆಂಕಿ ಹೇಗೆ ಹೊಲಿಯುತ್ತದೆ ಅಂತ.

ಅರವತ್ತೈದರ ಜುಲೈ. ಥ್ರೋವರ್ ಮೇಸ್ತ್ರಿ
ಸೀಮೆಸುಣ್ಣದಿಂದ ಅವಳ ನಡುವಿಗೊಂದು ಗೆರೆ ಎಳೆದ.
ಅಪ್ಪಣೆ ಬಂದಿತ್ತು: ಇವಳ ಹೊಟ್ಟೆ ಸಾಲದು,
ಈಗಿನ ಹಡಗುಗಳ ಹಸಿವು ದೊಡ್ಡದು.
ನಾಲ್ಕು ದಿನ ಕೊಯ್ದೆವು.
ಮೂತಿಯ ಅರ್ಧ ಸದ್ದಿಲ್ಲದೆ ಮುಂದೆ ಸರಿಯಿತು.
ಸೀಳಿದ ಜೇನುಹುಟ್ಟು. ಕೋಣೆ ಕೋಣೆ ಕಪ್ಪು.
ಇಪ್ಪತ್ತೊಂದು ವರ್ಷದ ಎಣ್ಣೆವಾಸನೆ
ಒಮ್ಮೆಗೇ ಹೊರಗೆ ಬಂದು ನಮ್ಮನ್ನೆಲ್ಲ ನೋಡಿತು.
ಯಾರೋ ಟೊಪ್ಪಿ ತೆಗೆದರು. ಯಾರೂ ನಗಲಿಲ್ಲ.

ಹೊಸ ನಡು ಆಗಲೇ ಪಕ್ಕದ ಕಟ್ಟೆಯ ಮೇಲೆ ಸಿದ್ಧವಿತ್ತು.
ತೊಂಬತ್ತು ಅಡಿ, ಕೆಂಪು ಬಣ್ಣ, ಹೆಸರಿಲ್ಲ.

ಅವ್ವ ಹಳೆಯ ಪ್ಯಾಂಟುಗಳನ್ನು ಕತ್ತರಿಸಿ ಕೌದಿ ಹೊಲಿಯುತ್ತಿದ್ದಳು.
ಅಪ್ಪ ತೀರಿಕೊಂಡ ಚಳಿಗಾಲ
ಅವನ ಮೊಣಕಾಲಿನ ತೇಪೆಯನ್ನೇ ನಡುವಿಗಿಟ್ಟಳು.
ಅವ್ವ ಹಳತನ್ನು ನಡುವಿಗಿಟ್ಟಳು, ನಾವು ಹೊಸತನ್ನು.
ಅಷ್ಟೇ ವ್ಯತ್ಯಾಸ. ಇರಲಿ.

ಬಿಸಿಲಿಗೆ ಉಕ್ಕು ಉಬ್ಬುತ್ತದೆ.
ಬೆಳಿಗ್ಗೆ ಹತ್ತಕ್ಕೆ ಅಳೆದರೆ ಒಂದು ಅಳತೆ, ಸಂಜೆಗೆ ಇನ್ನೊಂದು.
ಅದಕ್ಕೇ ಕೂಡಿಸುವ ಕೆಲಸ ರಾತ್ರಿ ಎರಡರ ಮೇಲೆ,
ಅವಳು ಪೂರ್ತಿ ತಣಿದು ನೆಟ್ಟಗೆ ಮಲಗಿದಾಗ.
ಅಡಿಗಟ್ಟಿನ ಕೆಳಗೆ ಅಂಗಾತ ಬಿದ್ದು
ಮೇಲ್ಮುಖವಾಗಿ ಬೆಸೆದವನು ನಾನು, ಕ್ಲೀವನ್ ಟೋಲ್ಬರ್ಟ್.
ಕಾಲರಿನೊಳಕ್ಕೆ ಬಿದ್ದ ಕಿಡಿಯ ಕಲೆ, ಇಗೋ, ಇನ್ನೂ ಇದೆ.
ಕೊನೆಗೆ ನನ್ನ ಮುದ್ರೆ ಒತ್ತಿದೆ: ಟಿ ನಲವತ್ತೊಂದು.
ಕೆಳಗೆ ಗುಡಿಸಲು ಒಬ್ಬ ಹುಡುಗ ನಿಂತಿದ್ದ.
ಅವನಿಗೆ ನನ್ನ ಗಾಜು ಕೊಟ್ಟೆ.

ಆಮೇಲೆ ಇಪ್ಪತ್ತೆಂಟು ವರ್ಷ.
ಅಕ್ಕನ ಮಗ ಡ್ಯುಯಿಟ್ ಅದೇ ಹಡಗಿನಲ್ಲಿ ಕೆಲಸಕ್ಕಿದ್ದ.
ಟಾಂಕಿನ್ ಕೊಲ್ಲಿಯಿಂದ ಬರೆಯುತ್ತಿದ್ದ:
'ಮಾವ, ಕರುಗಳು ಬಂದ ಹಾಗೆ ಬರುತ್ತವೆ ಎರಡೂ ಮಗ್ಗುಲಿಗೆ.
ನಿಲ್ಲುವಂತಿಲ್ಲ, ತಾಕುವಂತಿಲ್ಲ,
ಓಡುತ್ತ ಓಡುತ್ತಲೇ ಊಡಿಸಬೇಕು.
ಮೊನ್ನೆ ಚಂಡಮಾರುತದಲ್ಲಿ ಹಡಗೆಲ್ಲ ನರಳಿತು,
ನಿನ್ನ ಕೂಡುಗೆರೆಯ ಹತ್ತಿರ ಕಿವಿಯಿಟ್ಟೆ,
ಅದೊಂದು ಸುಮ್ಮನಿತ್ತು.'

ಹಾಲು ಕುಡಿದ ಆ ಕರುಗಳು
ಯಾರ ಗದ್ದೆಯನ್ನು ತುಳಿದವೋ ಅವನು ಬರೆಯಲಿಲ್ಲ.
ನಾನೂ ಕೇಳಲಿಲ್ಲ. ಕೇಳಬೇಕಿತ್ತು.
ಪ್ರತಿ ಕಾಗದವನ್ನೂ ಇಗರ್ಜಿಯಲ್ಲಿ ಹೆಮ್ಮೆಯಿಂದ ಓದಿ ಹೇಳಿದೆ.

ಬಂದೂಕು ಬಿಚ್ಚಿದರು. ನಾವಿಕರು ಇಳಿದು ನೌಕರರು ಹತ್ತಿದರು.
ಪಂಪು ಮೂರು ಸಲ ಹೊಸತಾಯಿತು. ತುಕ್ಕಿನ ಮೇಲೆ ಬಣ್ಣ,
ಬಣ್ಣದ ಮೇಲೆ ತುಕ್ಕು, ಮತ್ತೆ ಬಣ್ಣ.
ಅವಳ ಜೊತೆ ಹುಟ್ಟಿದವರೆಲ್ಲ ಆಗಲೇ
ಯಾರದೋ ಕಾರು, ಯಾರದೋ ಸೇತುವೆ ಆಗಿದ್ದರು.

ತೊಂಬತ್ತಾರರಲ್ಲಿ ಬ್ರೌನ್ಸ್‌ವಿಲ್ಲಿನ ಕೆಸರಿಗೆ ಎಳೆದರು.
ಡ್ಯುಯಿಟ್ ಹೋಗಿದ್ದ. ಕೊಯ್ಯುವವನು ಕವಾಸೊಸ್ ಅಂತೆ,
ಹಲ್ಲಿನ ಸಂದಿಯಲ್ಲಿ ಬೆಂಕಿಕಡ್ಡಿ.
'ಇಲ್ಲಿ ಟಾರ್ಚು ತಡವರಿಸುತ್ತೆ' ಅಂದನಂತೆ,
'ಯಾರಪ್ಪ ಇವನು? ಇಷ್ಟು ದಪ್ಪಕ್ಕೆ ದುಡ್ಡು ಕೊಟ್ಟಿದ್ರಾ?'
ಕೊಟ್ಟಿರಲಿಲ್ಲ.
ಅಂಗೈಯಗಲದ ತುಂಡಿಗೆ ತೂಕದ ಲೆಕ್ಕದಲ್ಲಿ
ನಲವತ್ತು ಸೆಂಟು ಇಸಕೊಂಡ.

ಅರ್ಧ ಹಳೆಯ ಉಕ್ಕು, ಅರ್ಧ ಹೊಸತು, ನಡುವೆ ನನ್ನ ಗೆರೆ.
ಅಂಚಿನಲ್ಲಿ 'ಟಿ ನಾಲ್ಕು'. ಒಂದು ಕೊಯ್ತಕ್ಕೆ ಹೋಗಿದೆ.
ಕೊಲ್ಲಿಯ ಕಡೆಯಿಂದ ಗಾಳಿ ಎದ್ದರೆ
ನಮ್ಮ ಹಿತ್ತಿಲ ಬಾಗಿಲು ಬಡಿದುಕೊಳ್ಳುತ್ತದೆ.
ಅದಕ್ಕೆ ಒತ್ತು ಕೊಟ್ಟಿದ್ದೇನೆ.
ಇನ್ನೂ ಕೆಲಸದಲ್ಲಿದ್ದಾಳೆ.